ಔಷಧಿ ಸಿಕ್ಕಿದ ಮೇಲಿನ ಮೂವತ್ತು ವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ.

ಟೈರೋಸಿನೀಮಿಯಾ ಒಂದನೇ ವಿಧ ಅಂತ ಒಂದು ಕಾಯಿಲೆ ಇದೆ. ಹುಟ್ಟಿನಿಂದಲೇ ಬರುವಂಥದ್ದು, ತೀರಾ ಅಪರೂಪದ್ದು. ಪ್ರಪಂಚದಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗೆ ಒಂದು ಮಗುವಿಗೆ ಬರುತ್ತದೆ ಅಂತ ಲೆಕ್ಕ. ಅದಕ್ಕಿರುವ ಔಷಧಿಯ ಹೆಸರು ನಿಟಿಸಿನೋನ್. ಮೊದಲ ರೋಗಿಗೆ ಅದನ್ನು ಕೊಟ್ಟು ಮೂವತ್ತು ವರ್ಷ ದಾಟಿದೆ. ಇಷ್ಟೂ ಕಾಲ ಆ ಮಕ್ಕಳ ಬೆನ್ನು ಬಿಡದೆ ನೋಡಿಕೊಂಡು ಬಂದದ್ದರಿಂದ ವೈದ್ಯರಿಗೆ ಏನೇನು ತಿಳಿಯಿತು ಅನ್ನುವುದನ್ನು ಇವತ್ತು ನಿಮಗೆ ಹೇಳಬೇಕು.

ಮೊದಲು ಕಾಯಿಲೆಯ ವಿಷಯ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದಲ್ಲಿ ಪ್ರೋಟೀನ್ ಇರುತ್ತದೆ ಅಲ್ವಾ, ಅದರ ಒಂದು ತುಣುಕು ಟೈರೋಸಿನ್. ದೇಹಕ್ಕೆ ಅದು ಬೇಕು. ಆದರೆ ಬೇಕಾದ್ದಕ್ಕಿಂತ ಜಾಸ್ತಿ ಇದ್ದದ್ದನ್ನು ಲಿವರ್ ಐದು ಹಂತಗಳಲ್ಲಿ ಒಡೆದು ಹಾಕುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ, ಅಂದರೆ ಒಡೆಯುವ ಕೆಲಸ ಮಾಡಿಸುವ ವಸ್ತು ಬೇಕು. ಈ ಮಕ್ಕಳಲ್ಲಿ ಐದನೇ ಹಂತದ ಕಿಣ್ವ ಕೆಲಸ ಮಾಡುವುದಿಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಕೆಟ್ಟ ಜೀನಿನ ಎರಡು ಪ್ರತಿ ಬಂದಿರುತ್ತವೆ. ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಮಗುವಿನ ಲಿವರಿನಲ್ಲಿ ಮಾತ್ರ ಅರ್ಧಂಬರ್ಧ ಒಡೆದ ವಸ್ತು ಉಳಿದು ವಿಷವಾಗುತ್ತದೆ. ಲಿವರ್ ಕೆಡುತ್ತದೆ, ಕಿಡ್ನಿ ಕೆಡುತ್ತದೆ, ಮೂಳೆ ಮೆತ್ತಗಾಗುತ್ತದೆ. ಔಷಧಿ ಇಲ್ಲದ ಕಾಲದಲ್ಲಿ, ಎರಡು ತಿಂಗಳು ತುಂಬುವ ಮೊದಲೇ ಕಾಯಿಲೆ ಕಾಣಿಸಿಕೊಂಡ ಕೂಸುಗಳಲ್ಲಿ ನೂರಕ್ಕೆ 29 ಮಾತ್ರ ಎರಡು ವರ್ಷ ದಾಟುತ್ತಿದ್ದವು. ಅದೂ ಪಥ್ಯ ಮಾಡಿಸಿ.

ಕೆನಡಾದ ಕ್ಯೂಬೆಕ್ ಪ್ರಾಂತ್ಯದಲ್ಲಿ ಸಾಗನೇ ಅಂತ ಒಂದು ಸೀಮೆ ಇದೆ. ಅಲ್ಲಿನವರು ಹೆಚ್ಚಾಗಿ ಹಿಂದೆ ಫ್ರಾನ್ಸಿನಿಂದ ಬಂದು ನೆಲೆಸಿದ ಕೆಲವೇ ಮನೆತನಗಳ ಸಂತತಿ. ಹಾಗಾಗಿ ಒಂದೇ ಕೆಟ್ಟ ಜೀನು ಊರೂರಿಗೆ ಹರಡಿದೆ. ಅಲ್ಲಿ ಲಕ್ಷಕ್ಕೆ ಒಂದಲ್ಲ, ಸುಮಾರು 1846 ಹೆರಿಗೆಗೆ ಒಂದು ಮಗುವಿಗೆ ಈ ಕಾಯಿಲೆ. ಅಲ್ಲಿನ ಮಕ್ಕಳನ್ನು ಬಾಧಿಸುತ್ತಿದ್ದದ್ದು ಲಿವರ್ ಒಂದೇ ಅಲ್ಲ. ಇದ್ದಕ್ಕಿದ್ದಂತೆ ನರಗಳ ತೊಂದರೆ ಶುರುವಾಗುತ್ತಿತ್ತು. ಕಾಲು ನೋವು ಅಂತ ಮಗು ಚೀರುತ್ತಿತ್ತು, ಬೆನ್ನು ಹಿಂದಕ್ಕೆ ಸೆಟೆದುಕೊಳ್ಳುತ್ತಿತ್ತು, ಕೈಕಾಲಿನ ಶಕ್ತಿ ಹೋಗುತ್ತಿತ್ತು, ಕೆಲವು ಸಲ ಉಸಿರಾಟಕ್ಕೆ ಯಂತ್ರ ಹಾಕಬೇಕಾಗುತ್ತಿತ್ತು. 1990ರಲ್ಲಿ ಅಲ್ಲಿನ ವೈದ್ಯರು ಬರೆದ ವರದಿಯ ಪ್ರಕಾರ 48 ಮಕ್ಕಳಲ್ಲಿ 20 ಮಕ್ಕಳಿಗೆ ಇಂಥ ದಾಳಿ ಆಗಿತ್ತು. ಉಳಿದಿದ್ದ ದಾರಿ ಅಂದರೆ ಬೇರೆಯವರ ಲಿವರ್ ಕಸಿ ಮಾಡುವುದು.

ಇನ್ನು ಔಷಧಿ. ಅದು ಬಂದದ್ದು ತೋಟದ ಕಡೆಯಿಂದ. ಬೆಂಗಳೂರಿನ ಉದ್ಯಾನಗಳಲ್ಲಿ ಕೆಂಪು ಕುಂಚದಂಥ ಹೂವು ಬಿಡುವ ಬಾಟಲ್ ಬ್ರಷ್ ಮರ ನೋಡಿರುತ್ತೀರಿ. 1977ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ವಿಜ್ಞಾನಿ ಆ ಜಾತಿಯ ಗಿಡದ ಕೆಳಗೆ ಕಳೆ ಅಷ್ಟಾಗಿ ಬೆಳೆಯುವುದಿಲ್ಲ ಅನ್ನುವುದನ್ನು ಗಮನಿಸಿದರು. ಆ ಗಿಡದ ರಸಾಯನದ ಜಾಡು ಹಿಡಿದು ಹೊಸ ಕಳೆನಾಶಕಗಳನ್ನು ತಯಾರಿಸಿದರು. ಅದರಲ್ಲಿ ಒಂದು ನಿಟಿಸಿನೋನ್. ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಅವುಗಳ ರಕ್ತದಲ್ಲಿ ಟೈರೋಸಿನ್ ಏರಿತು, ಕಣ್ಣಿನ ಪಾಪೆಯ ಮೇಲೆ ಹುಣ್ಣಾಯಿತು. ಅಂದರೆ ಈ ವಸ್ತು ಪ್ರಾಣಿಗಳಲ್ಲೂ ಟೈರೋಸಿನ್ ಒಡೆಯುವ ಎರಡನೇ ಹಂತವನ್ನು ತಡೆಯುತ್ತಿತ್ತು.

ಸ್ವೀಡನ್ ದೇಶದ ಗೋಥೆನ್‌ಬರ್ಗ್‌ನಲ್ಲಿ ಸ್ವೆನ್ ಲಿಂಡ್‌ಸ್ಟೆಟ್ ಮತ್ತು ಎಲಿಸಬೆತ್ ಹೋಲ್ಮೆ ಈ ಕಾಯಿಲೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅವರಿಗೆ ಇದರ ಬೆಲೆ ಗೊತ್ತಾಯಿತು. ಕಾಲುವೆಯ ಕೊನೆ ಕಟ್ಟಿಕೊಂಡು ಗದ್ದೆಗೆ ಕೆಟ್ಟ ನೀರು ನುಗ್ಗುತ್ತಿದ್ದರೆ ಮೇಲಿನ ತೂಬು ಮುಚ್ಚುತ್ತೇವೆ. ಹಾಗೆ ಎರಡನೇ ಹಂತದಲ್ಲೇ ತಡೆದುಬಿಟ್ಟರೆ ಕೊನೆಯ ಹಂತದ ವಿಷ ಹುಟ್ಟುವುದೇ ಇಲ್ಲ. ಆದರೆ ತೂಬಿನ ಹಿಂದೆ ನೀರು ನಿಲ್ಲುತ್ತದೆ, ಅದೂ ಅವರಿಗೆ ಗೊತ್ತಿತ್ತು. 1991ರ ಫೆಬ್ರವರಿಯಲ್ಲಿ ಮೊದಲ ರೋಗಿಗೆ ಕೊಟ್ಟರು. 1992ರಲ್ಲಿ ಐದು ಮಕ್ಕಳ ಫಲಿತಾಂಶ ಪ್ರಕಟಿಸಿದರು. ಬರೀ ಐದು ಮಕ್ಕಳು.

ಇಲ್ಲಿಂದ ಮುಂದೆ ಏನಾಯಿತು ಅನ್ನುವುದೇ ನನಗೆ ಮುಖ್ಯ. ಬಿಪಿ, ಸಕ್ಕರೆ ಕಾಯಿಲೆಯ ಔಷಧಿಯಾದರೆ ಸಾವಿರಾರು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಸುಮ್ನೆ ಔಷಧಿ ಇಲ್ಲದ ಗುಳಿಗೆ ಕೊಟ್ಟು ನೋಡುತ್ತಾರೆ. ಇಲ್ಲಿ ಅಷ್ಟು ಮಕ್ಕಳೇ ಇಲ್ಲ. ಇದ್ದರೂ, ಬದುಕಿಸುವ ಔಷಧಿ ಕೈಯಲ್ಲಿಟ್ಟುಕೊಂಡು ಅರ್ಧ ಮಕ್ಕಳಿಗೆ ಕೊಡದೆ ಇರಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಎಲ್ಲರಿಗೂ ಕೊಟ್ಟರು. 25 ದೇಶಗಳ 207 ರೋಗಿಗಳ ವಿವರವನ್ನು ಒಂದೆಡೆ ಸೇರಿಸಿ, ಔಷಧಿ ಬರುವ ಮೊದಲಿನ ಮಕ್ಕಳ ದಾಖಲೆಯ ಪಕ್ಕ ಇಟ್ಟು ನೋಡಿದರು. ನೂರಕ್ಕೆ 29 ಬದುಕುತ್ತಿದ್ದ ಆ ಎಳೆಗೂಸುಗಳಲ್ಲಿ ಈಗ ನಾಲ್ಕು ವರ್ಷದ ನಂತರವೂ ನೂರಕ್ಕೆ 88 ಬದುಕಿದ್ದವು. ಅಮೆರಿಕ 2002ರಲ್ಲಿ, ಯುರೋಪ್ 2005ರಲ್ಲಿ ಔಷಧಿಗೆ ಒಪ್ಪಿಗೆ ಕೊಟ್ಟವು.

ನಾಲ್ಕು ವರ್ಷ ಸಾಕಾ? ಜೀವಮಾನ ಪೂರ್ತಿ ನುಂಗಬೇಕಾದ ಔಷಧಿಗೆ ನಾಲ್ಕು ವರ್ಷದ ಲೆಕ್ಕ ಏನೇನೂ ಸಾಲದು. ಆ ಕೊರತೆ ತುಂಬಿದವರಲ್ಲಿ ಮೊದಲಿಗರು ಕ್ಯೂಬೆಕ್‌ನವರು. ಅಲ್ಲಿ 1970ರಿಂದಲೇ ಹುಟ್ಟಿದ ಮಕ್ಕಳಿಗೆಲ್ಲ ಈ ಕಾಯಿಲೆಯ ಪರೀಕ್ಷೆ ಇತ್ತು. ಕೂಸಿನ ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ನಾಲ್ಕಾರು ತೊಟ್ಟು ರಕ್ತ ಇಳಿಸಿ, ಒಣಗಿಸಿ ಲ್ಯಾಬಿಗೆ ಕಳಿಸುವ ಪರೀಕ್ಷೆ. ಹಾಗಾಗಿ ಅವರ ಹತ್ತಿರ ಔಷಧಿ ಸಿಗದ ಮಕ್ಕಳು, ತಡವಾಗಿ ಸಿಕ್ಕ ಮಕ್ಕಳು, ಹುಟ್ಟಿದ ತಿಂಗಳೊಳಗೇ ಸಿಕ್ಕ ಮಕ್ಕಳು, ಎಲ್ಲರ ದಾಖಲೆಯೂ ಇತ್ತು. 2012ರಲ್ಲಿ ಲೆಕ್ಕ ಹೊರಗೆ ಬಂತು. ಔಷಧಿ ಇಲ್ಲದೆ ಕಳೆದ ಒಟ್ಟು 1312 ತಿಂಗಳಲ್ಲಿ ಈ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದು 184 ಸಲ. ಔಷಧಿ ತೆಗೆದುಕೊಳ್ಳುತ್ತಾ ಕಳೆದ 5731 ತಿಂಗಳಲ್ಲಿ ಒಂದು ಸಲವೂ ಇಲ್ಲ. ಲಿವರ್ ಕಸಿ? ಔಷಧಿ ಸಿಗದವರಲ್ಲಿ ನೂರಕ್ಕೆ 71 ಮಂದಿಗೆ ಬೇಕಾಯಿತು. ತಡವಾಗಿ ಶುರು ಮಾಡಿದವರಲ್ಲಿ ನೂರಕ್ಕೆ 26 ಮಂದಿಗೆ. ಮೊದಲ ತಿಂಗಳಲ್ಲೇ ಶುರು ಮಾಡಿದವರಲ್ಲಿ ಯಾರಿಗೂ ಬೇಕಾಗಲಿಲ್ಲ.

ಈ ಅಂಕಿಗಳನ್ನು ಓದುವಾಗ ನನಗೆ ಪ್ರತಿ ಸಲವೂ ಅನಿಸುವುದು ಇದು. ಬೇಗ ಕೊಟ್ಟರೆ ಒಳ್ಳೆಯದು ಅಂತ ಯಾರು ಬೇಕಾದರೂ ಊಹೆ ಮಾಡಬಹುದಿತ್ತು. ಆದರೆ 30 ದಿನದ ಒಳಗೆ ಮತ್ತು ಆಮೇಲೆ, ಇವೆರಡರ ನಡುವೆ ಇಷ್ಟು ಅಂತರ ಇದೆ ಅಂತ ಸರಕಾರದ ಮುಂದೆ ಇಟ್ಟು ವಾದ ಮಾಡಬೇಕಾದರೆ ಯಾರೋ ಇಪ್ಪತ್ತು ವರ್ಷ ಬರೆದಿಟ್ಟಿರಬೇಕು. ತಾಯಂದಿರು ಹಿಮ ಬೀಳುವ ದಿನವೂ ಮಗುವನ್ನು ಎತ್ತಿಕೊಂಡು ತಪಾಸಣೆಗೆ ಬಂದಿರಬೇಕು.

ಇನ್ನು ತೂಬಿನ ಹಿಂದೆ ನಿಂತ ನೀರಿನ ಕಥೆ. ಔಷಧಿ ತೆಗೆದುಕೊಂಡವರ ರಕ್ತದಲ್ಲಿ ಟೈರೋಸಿನ್ ಏರುತ್ತದೆ. ಅದು ಹದ ಮೀರಿದರೆ ಕಣ್ಣಿನಲ್ಲಿ ಹರಳಾಗಿ ಕೂರುತ್ತದೆ. ಕಣ್ಣು ಕೆಂಪಾಗುತ್ತದೆ, ಉರಿಯುತ್ತದೆ, ಬೆಳಕು ನೋಡಲು ಆಗುವುದಿಲ್ಲ. ಅದಕ್ಕೇ ಔಷಧಿಯ ಜೊತೆ ಪಥ್ಯವೂ ಆಜೀವ ಪರ್ಯಂತ. ನಮ್ಮ ಅಡುಗೆಮನೆಯಲ್ಲಿ ಅದು ಹೇಗಿರುತ್ತದೆ ಅಂತ ಯೋಚಿಸಿ. ಹಾಲು ಮೊಸರು ಇಲ್ಲ ಅನ್ನುವಷ್ಟು ಕಡಿಮೆ. ತೊವ್ವೆ, ಕಡಲೆಕಾಯಿ ಬೀಜ, ಮೊಟ್ಟೆ ದೂರ. ಇಡ್ಲಿಯಲ್ಲಿ ಉದ್ದಿದೆ, ಅದಕ್ಕೂ ಲೆಕ್ಕ. ಅನ್ನವನ್ನೂ ಪುಟ್ಟ ತಕ್ಕಡಿಯಲ್ಲಿ ತೂಗಿ ತಟ್ಟೆಗೆ ಹಾಕಬೇಕು. ಬೆಳೆಯಲು ಬೇಕಾದ ಪ್ರೋಟೀನನ್ನು ಟೈರೋಸಿನ್ ಇಲ್ಲದ ವಿಶೇಷ ಪುಡಿಯಿಂದ ಕೊಡಬೇಕು. ಆ ಪುಡಿಯ ವಾಸನೆ, ರುಚಿ ಮಕ್ಕಳಿಗೆ ಸುತರಾಂ ಹಿಡಿಸುವುದಿಲ್ಲ. ಎಳೆಗೂಸಿಗಾದರೆ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಬಿಳಿ ಪುಡಿಯನ್ನು ಚಮಚ ನೀರಿನಲ್ಲಿ ಕದಡಿ, ಒಂದು ಹನಿಯೂ ಚೆಲ್ಲದಂತೆ ಕುಡಿಸಬೇಕು. ಇದನ್ನೆಲ್ಲ ದಿನಾ ಮಾಡುವ ಅಮ್ಮಂದಿರ ಬಗ್ಗೆ ನನಗೆ ತುಂಬ ಗೌರವ.

ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಇನ್ನೊಂದು ವಿಷಯ ಕಂಡಿತು. ಫ್ರಾನ್ಸ್‌ನಲ್ಲಿ, ಆಮೇಲೆ ಬೇರೆ ದೇಶಗಳಲ್ಲಿ, ಈ ಮಕ್ಕಳಲ್ಲಿ ಹಲವರು ಓದಿನಲ್ಲಿ ಹಿಂದೆ ಬೀಳುತ್ತಿದ್ದಾರೆ, ಗಮನ ನಿಲ್ಲುತ್ತಿಲ್ಲ, ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅಂಕ ಕಡಿಮೆ ಬರುತ್ತಿದೆ ಅಂತ ವರದಿಗಳು ಬಂದವು. ಕಾರಣ ಏರಿದ ಟೈರೋಸಿನ್ನೋ, ಪಥ್ಯದಿಂದ ತೀರಾ ಇಳಿದುಹೋಗುವ ಫೆನೈಲ್‌ಅಲನೈನ್ ಅನ್ನುವ ಪ್ರೋಟೀನಿನ ಇನ್ನೊಂದು ತುಣುಕೋ, ಔಷಧಿಗೆ ಮೊದಲೇ ಲಿವರಿನಿಂದಾದ ಪೆಟ್ಟೋ, ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. ನಾಲ್ಕು ವರ್ಷಕ್ಕೆ ಫೈಲು ಮುಚ್ಚಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಮಗು ಬದುಕಿದೆ ಅಂತ ಖುಷಿಪಟ್ಟು ಸುಮ್ಮನಾಗಿಬಿಡುತ್ತಿದ್ದೆವು. ಈಗ ಒಳ್ಳೆಯ ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷೆ, ಲಿವರಿನ ಸ್ಕ್ಯಾನ್, ಕಣ್ಣಿನ ತಪಾಸಣೆ ಇವುಗಳ ಜೊತೆ ಕಲಿಕೆಯ ಪರೀಕ್ಷೆಯನ್ನೂ ಮಾಡುತ್ತಾರೆ. ಸ್ಕ್ಯಾನ್ ಯಾಕೆ ಅಂದರೆ, ತಡವಾಗಿ ಔಷಧಿ ಶುರು ಮಾಡಿದ ಮಕ್ಕಳಿಗೆ ಲಿವರ್ ಕ್ಯಾನ್ಸರ್ ಬರುವ ಅಪಾಯ ಪೂರ್ತಿ ಹೋಗುವುದಿಲ್ಲ. ಇದೂ ವರ್ಷಗಟ್ಟಲೆ ನೋಡಿಯೇ ಕಲಿತದ್ದು.

ಯುರೋಪಿನಲ್ಲಿ ಒಪ್ಪಿಗೆ ಕೊಟ್ಟ 2005ರಿಂದ 2019ರವರೆಗೆ 17 ದೇಶಗಳ 315 ರೋಗಿಗಳನ್ನು ಗಮನಿಸಿದ ಅಧ್ಯಯನವೂ ಇದೆ. ಹೊಸ ಅಪಾಯ ಯಾವುದೂ ಅದರಲ್ಲಿ ಕಾಣಲಿಲ್ಲ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅನ್ನುವುದು ಮತ್ತೆ ಗಟ್ಟಿಯಾಯಿತು.

ಇದೇ ಔಷಧಿಯ ಇನ್ನೊಂದು ಕಥೆ ಹೇಳಲೇಬೇಕು. ಆಲ್ಕಾಪ್ಟನ್ಯೂರಿಯಾ ಅನ್ನುವ ಕಾಯಿಲೆಯಲ್ಲಿ ಕೆಟ್ಟಿರುವುದು ಟೈರೋಸಿನ್ ಒಡೆಯುವ ಮೂರನೇ ಹಂತ. ಮೂತ್ರ ಗಾಳಿಗೆ ಇಟ್ಟರೆ ಕಪ್ಪಾಗುತ್ತದೆ, ನಡುವಯಸ್ಸಿಗೆ ಬೆನ್ನು, ಮಂಡಿ, ಸೊಂಟದ ಕೀಲು ಸವೆದು ಹೋಗುತ್ತವೆ. ತಮಿಳುನಾಡಿನ ನರಿಕುರವ ಸಮುದಾಯದಲ್ಲೂ ಇದನ್ನು ಗುರುತಿಸಿದ್ದಾರೆ. ಅಮೆರಿಕದಲ್ಲಿ 40 ಜನರ ಮೇಲೆ ಮೂರು ವರ್ಷ ನಿಟಿಸಿನೋನ್ ಪ್ರಯೋಗ ಮಾಡಿ ಸೊಂಟದ ಕೀಲು ಎಷ್ಟು ತಿರುಗುತ್ತದೆ ಅಂತ ಅಳೆದರು. ಉಪಯೋಗ ಅಂತ ಸಾಬೀತಾಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆಮೇಲೆ ಇಂಗ್ಲೆಂಡ್, ಫ್ರಾನ್ಸ್, ಸ್ಲೊವಾಕಿಯಾದವರು ಸೇರಿ 138 ಜನರನ್ನು ನಾಲ್ಕು ವರ್ಷ ನೋಡಿದರು. ಒಂದೇ ಕೀಲಿಗೆ ಅಂಟಿಕೊಳ್ಳದೆ ಇಡೀ ದೇಹದ ಲಕ್ಷಣಗಳನ್ನು ಅಳೆದರು. ಕಾಯಿಲೆಯ ವೇಗ ತಗ್ಗಿದ್ದು ಕಂಡಿತು. 2020ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು. ಎಷ್ಟು ದಿನ ನೋಡುತ್ತೇವೆ ಅನ್ನುವಷ್ಟೇ ಮುಖ್ಯ ಏನನ್ನು ನೋಡುತ್ತೇವೆ ಅನ್ನುವುದು.

ನಮ್ಮ ಕಡೆಗೆ ಬರೋಣ. ಹೊರದೇಶದಿಂದ ತರಿಸುವ ನಿಟಿಸಿನೋನ್‌ಗೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 2.2 ಕೋಟಿ ರೂಪಾಯಿ ಆಗುತ್ತಿತ್ತು. ಭಾರತದ ಕಂಪನಿಗಳೇ ತಯಾರಿಸಲು ಶುರು ಮಾಡಿದ್ದರಿಂದ ಅದು ಸುಮಾರು 2.5 ಲಕ್ಷಕ್ಕೆ ಇಳಿಯುತ್ತದೆ ಅಂತ 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಹೇಳಿತು. ದೊಡ್ಡ ಸುದ್ದಿ ಇದು, ನಿಜವಾಗಿಯೂ ಸಂತೋಷದ ಸುದ್ದಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಅಡಿಯಲ್ಲಿ, ಗುರುತಿಸಿದ ಕೇಂದ್ರಗಳ ಮೂಲಕ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರ.

ಆದರೆ ಕ್ಯಾಪ್ಸೂಲ್ ಅಗ್ಗವಾದರೆ ಅರ್ಧ ಕೆಲಸ ಮಾತ್ರ ಆಯಿತು. ಹುಟ್ಟಿದ ಎಲ್ಲ ಮಕ್ಕಳಿಗೂ ರಕ್ತದ ಆ ನಾಲ್ಕು ತೊಟ್ಟಿನ ಪರೀಕ್ಷೆ ನಮ್ಮಲ್ಲಿ ಇನ್ನೂ ಬಂದಿಲ್ಲ. ಹಾಗಾಗಿ ಹೊಟ್ಟೆ ಊದಿದ ಮೇಲೆ, ರಕ್ತ ಸೋರಲು ಶುರುವಾದ ಮೇಲೆ ಕಾಯಿಲೆ ಗೊತ್ತಾಗುತ್ತದೆ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇರುವುದರಿಂದ ಇಂಥ ಕಾಯಿಲೆಗಳ ಸಾಧ್ಯತೆ ಜಾಸ್ತಿ. ಒಂದು ಮಗುವಿಗೆ ಬಂದಿದ್ದರೆ ಅದೇ ದಂಪತಿಯ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇರುತ್ತದೆ. ಆಮೇಲಿನ ತಪಾಸಣೆಗಳ ಖರ್ಚು, ರಾಯಚೂರಿನಿಂದಲೋ ಶಿರಸಿಯಿಂದಲೋ ಬೆಂಗಳೂರಿಗೆ ಓಡಾಡುವ ಖರ್ಚು, ಅಪ್ಪ ಕೂಲಿ ಬಿಟ್ಟು ಬರುವ ದಿನಗಳು, ಇವುಗಳನ್ನು ಚಿಕಿತ್ಸೆಯ ಖರ್ಚು ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹದಿಹರೆಯದಲ್ಲಿ, ನನಗೇನೂ ಆಗಿಲ್ಲವಲ್ಲ ಅಂತ ಮಕ್ಕಳು ಔಷಧಿ ನಿಲ್ಲಿಸುವುದುಂಟು. ಹಾಗೆ ನಿಲ್ಲಿಸಿದ ಮೇಲೆ ಹಳೆಯ ನರದ ದಾಳಿ ಮರುಕಳಿಸಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಆ ವಯಸ್ಸಿನಲ್ಲಿ ಕೈ ಹಿಡಿದು ಮಾತಾಡಿಸುವವರು ಬೇಕು.

ಇಂಥ ಕಾಯಿಲೆ ಇರುವ ಮಗುವಿನ ತಂದೆ ತಾಯಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ಆಸ್ಪತ್ರೆಯವರು ಮುಂದೆ ಒಂದು ದಿನ ನಿಮ್ಮ ಮುಂದೆ ಒಪ್ಪಿಗೆ ಪತ್ರ ಇಡಬಹುದು. ಮಗುವಿನ ವಿವರ ನೋಂದಣಿ ಪುಸ್ತಕಕ್ಕೆ ಸೇರಿಸುತ್ತೇವೆ, ವರ್ಷ ವರ್ಷ ನೋಡುತ್ತೇವೆ ಅನ್ನಬಹುದು. ಹೆದರಬೇಡಿ. ಆದರೆ ಕೇಳಿ. ಯಾವ ಪರೀಕ್ಷೆ, ಎಷ್ಟು ತಿಂಗಳಿಗೊಮ್ಮೆ? ಬಸ್ಸಿನ ಖರ್ಚು ಯಾರದು? ಮಗುವಿನ ಹೆಸರು ಗುಟ್ಟಾಗಿರುತ್ತದಾ? ಫಲಿತಾಂಶ ನಮಗೂ ಹೇಳುತ್ತೀರಾ? ಬೇಡ ಅನಿಸಿದರೆ ಚಿಕಿತ್ಸೆಗೆ ತೊಂದರೆ ಆಗದಂತೆ ಹೊರಗೆ ಬರಬಹುದಾ? ಇಷ್ಟಕ್ಕೂ ಸರಿಯಾದ ಉತ್ತರ ಕನ್ನಡದಲ್ಲೇ, ನಿಮಗೆ ಅರ್ಥವಾಗುವಂತೆ ಸಿಕ್ಕ ಮೇಲೆ ಸಹಿ ಹಾಕಿ.

ನಮಸ್ಕಾರ.