ತಿಳಿದೂ ಕೊಟ್ಟ ಬಲಿ ಚಕ್ರವರ್ತಿ

ಕೇಳುಗರಿಗೆ ನಮಸ್ಕಾರ. ದೀಪಾವಳಿ ಅಮಾವಾಸ್ಯೆಯ ಮಾರನೇ ದಿನ ಬಲಿಪಾಡ್ಯಮಿ. ಬಲಿ ಯಾರು ಅಂತ ಮಕ್ಕಳು ಕೇಳಿದರೆ ನಾವೇನು ಹೇಳುತ್ತೇವೆ? "ಒಬ್ಬ ರಾಕ್ಷಸ, ಸೊಕ್ಕು ಜಾಸ್ತಿಯಾಗಿತ್ತು, ದೇವರು ಪಾತಾಳಕ್ಕೆ ತುಳಿದ." ಅಷ್ಟಕ್ಕೇ ಕಥೆ ಮುಗಿಸಿಬಿಡುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. ಸೊಕ್ಕಿದವನಿಗೆ ಯಾರಾದರೂ ವರ್ಷ ವರ್ಷ ದೀಪ ಹಚ್ಚಿ ಕರೆಯುತ್ತಾರಾ? ಬಲಿ ಮೋಸಹೋಗಿ ಕೊಟ್ಟವನಲ್ಲ, ತಿಳಿದೂ ಕೊಟ್ಟವನು. ಇವತ್ತು ನಾನು ಹೇಳಬೇಕಾದ್ದು ಇದೊಂದೇ ಮಾತು.

ಬಲಿ ಅಸುರರ ರಾಜ. ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ. ಸ್ವರ್ಗವನ್ನೇ ಗೆದ್ದುಕೊಂಡಿದ್ದ. ಮಕ್ಕಳು ನೆಲೆ ಕಳೆದುಕೊಂಡರಲ್ಲ ಅಂತ ದೇವತೆಗಳ ತಾಯಿ ಅದಿತಿ ವ್ರತ ಮಾಡಿದಳು. ಅವಳ ಹೊಟ್ಟೆಯಲ್ಲಿ ವಿಷ್ಣು ವಾಮನನಾಗಿ ಹುಟ್ಟಿದ. ಇಷ್ಟು ನಿಮಗೆ ಗೊತ್ತಿರುವುದೇ. ಮುಂದಿನದನ್ನು ಭಾಗವತ ಹೇಳುವಂತೆ ಹೇಳುತ್ತೇನೆ, ನಿಧಾನವಾಗಿ ಕೇಳಿ.

ನರ್ಮದೆಯ ಬಡಗಣ ದಡದಲ್ಲಿ ಬಲಿ ಅಶ್ವಮೇಧ ಮಾಡುತ್ತಿದ್ದಾನೆ. ಕೊಡೆ, ಕಮಂಡಲು ಹಿಡಿದ ಪುಟ್ಟ ವಟು ಬಂದ. ಬಲಿ ಎದ್ದು ಕಾಲು ತೊಳೆದು ಕೂರಿಸಿ, "ಏನು ಬೇಕು ಕೇಳಪ್ಪ, ಹಸು ಬೇಕಾ, ಊರು ಬೇಕಾ, ಆನೆ ಕುದುರೆ ಬೇಕಾ?" ಅಂದ. ಹುಡುಗ ಕೇಳಿದ್ದು ಮೂರು ಹೆಜ್ಜೆ ನೆಲ. ಬಲಿಗೆ ನಗು ಬಂತು. "ನನ್ನ ಹತ್ತಿರ ಬಂದವನು ಇನ್ನೊಬ್ಬರ ಹತ್ತಿರ ಕೈಚಾಚಬಾರದು, ಜಾಸ್ತಿ ಕೇಳು" ಅಂದ. "ಮೂರು ಹೆಜ್ಜೆಗೆ ತೃಪ್ತನಾಗದವನು ಇಡೀ ದ್ವೀಪ ಕೊಟ್ಟರೂ ತೃಪ್ತನಾಗುವುದಿಲ್ಲ" ಅಂದ ಹುಡುಗ.

ಬಲಿ ನೀರಿನ ಪಾತ್ರೆ ಎತ್ತಿಕೊಂಡ. ಆಗ ಗುರು ಶುಕ್ರಾಚಾರ್ಯರು ತಡೆದರು. "ಇವನು ವಿಷ್ಣು. ಎರಡು ಹೆಜ್ಜೆಯಲ್ಲಿ ಭೂಮಿ, ಆಕಾಶ ಎರಡನ್ನೂ ಅಳೆಯುತ್ತಾನೆ. ಮೂರನೆಯದಕ್ಕೆ ಜಾಗ ಎಲ್ಲಿಂದ ತರುತ್ತೀಯ? ಇಲ್ಲ ಅಂದುಬಿಡು. ಜೀವಕ್ಕೆ, ಜೀವನಕ್ಕೆ ಸಂಚಕಾರ ಬಂದಾಗ ಸುಳ್ಳು ಹೇಳಿದರೆ ದೋಷವಿಲ್ಲ" ಅಂದರು. ನೋಡಿ, ಬಲಿಗೆ ಎಲ್ಲವೂ ಮೊದಲೇ ಗೊತ್ತಾಯಿತು! ಬಂದವನು ಯಾರು, ಏನೇನು ಹೋಗುತ್ತದೆ, ಎಲ್ಲ. ತಪ್ಪಿಸಿಕೊಳ್ಳುವ ದಾರಿಯನ್ನೂ ಗುರುವೇ ತೋರಿಸಿಕೊಟ್ಟರು.

ಬಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪ್ರಹ್ಲಾದನ ಮೊಮ್ಮಗ ನಾನು. ಕೊಡುತ್ತೇನೆ ಅಂದವನು ಆಸೆಗೆ ಬಿದ್ದು ಹೇಗೆ ಇಲ್ಲ ಅನ್ನಲಿ? ಬಂದವನು ವಿಷ್ಣುವೇ ಆಗಲಿ, ಶತ್ರುವೇ ಆಗಲಿ, ಕೊಡುತ್ತೇನೆ" ಅಂದ. ಗುರುವಿಗೆ ಸಿಟ್ಟು ನೆತ್ತಿಗೇರಿತು. ನಿನ್ನ ಸಿರಿಯೆಲ್ಲ ಹೋಗಲಿ ಅಂತ ಶಾಪ ಕೊಟ್ಟರು. ಆದರೂ ಬಲಿ ಬಗ್ಗಲಿಲ್ಲ. ಹೆಂಡತಿ ವಿಂಧ್ಯಾವಳಿ ಚಿನ್ನದ ಕಲಶದಲ್ಲಿ ನೀರು ತಂದಳು. ಶುಕ್ರಾಚಾರ್ಯರು ಪಾತ್ರೆಯ ಮೂತಿಗೆ ಅಡ್ಡ ಕುಳಿತರು, ವಾಮನ ದರ್ಭೆಯಿಂದ ಚುಚ್ಚಿದಾಗ ಅವರ ಕಣ್ಣು ಹೋಯಿತು ಅಂತ ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಭಾಗವತದಲ್ಲಿ ಆ ಮಾತಿಲ್ಲ. ಬಲಿ ಧಾರೆ ಎರೆದ. ಪುಟ್ಟ ವಾಮನ ಆಕಾಶದೆತ್ತರ ಬೆಳೆದು ನಿಂತ. ಎರಡು ಹೆಜ್ಜೆಗೆ ಎಲ್ಲವೂ ಹೋಯಿತು. ಗರುಡ ಅವನನ್ನು ವರುಣಪಾಶದಿಂದ ಕಟ್ಟಿದ. ಕಟ್ಟಿಸಿಕೊಂಡವನು ಆಡಿದ ಮಾತು, "ನರಕಕ್ಕೆ ಹೆದರುವುದಿಲ್ಲ, ಈ ಕಟ್ಟಿಗೂ ಹೆದರುವುದಿಲ್ಲ. ಮಾತು ತಪ್ಪಿದ ಅನ್ನಿಸಿಕೊಳ್ಳುವುದಕ್ಕೆ ಹೆದರುತ್ತೇನೆ. ಮೂರನೇ ಹೆಜ್ಜೆ ನನ್ನ ತಲೆಯ ಮೇಲಿಡು." ತಿಳಿದೂ ಕೊಟ್ಟ ಅಂದೆನಲ್ಲ, ಇದನ್ನೇ.

ಇನ್ನು "ತುಳಿದ" ಅನ್ನುತ್ತೀರಲ್ಲ. ವಿಷ್ಣು ಅವನಿಗೆ ಕೊಟ್ಟದ್ದು ಭೂಮಿಯ ಕೆಳಗಿನ ಸುತಲ ಲೋಕ. ದೇವತೆಗಳೂ ಆಸೆಪಡುವಂಥ ಜಾಗ ಅದು. ಅದರ ಬಾಗಿಲಲ್ಲಿ ಗದೆ ಹಿಡಿದು ಕಾವಲು ನಿಂತವನು ವಿಷ್ಣುವೇ. ಮುಂದೆ ಸಾವರ್ಣಿ ಮನ್ವಂತರದಲ್ಲಿ, ಅಂದರೆ ಸಾವರ್ಣಿ ಎಂಬ ಮನುವಿನ ಕಾಲದಲ್ಲಿ, ಬಲಿಯೇ ಇಂದ್ರನಾಗುತ್ತಾನೆ. ಇದು ಶಿಕ್ಷೆ ಹೇಗಾಗುತ್ತದೆ, ನೀವೇ ಹೇಳಿ!

ನಮ್ಮ ಜನರಿಗೆ ಇದು ಚೆನ್ನಾಗಿ ಗೊತ್ತು. ತುಳುನಾಡಿನಲ್ಲಿ ಗದ್ದೆಗೆ ದೀಪ, ಅವಲಕ್ಕಿ ಒಯ್ದು ಬಲೀಂದ್ರನನ್ನು "ಕೂ" ಅಂತ ಕೂಗಿ ಕರೆಯುತ್ತಾರೆ. ಉಪ್ಪು ಕರ್ಪೂರವಾದಾಗ, ಉದ್ದು ಮದ್ದಳೆಯಾದಾಗ ನಿನ್ನ ರಾಜ್ಯ ಆಳಲು ಬಾ ಅನ್ನುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆ ಅನ್ನುವ ಹಾಡುಗಾರರ ತಂಡದವರು ರಾತ್ರಿಯೆಲ್ಲ ಮನೆಮನೆಗೆ ದೀಪ ಹೊತ್ತು ತರುತ್ತಾರೆ, ಮನೆಯವರು ಅದಕ್ಕೆ ಎಣ್ಣೆ ಎರೆಯುತ್ತಾರೆ. ಕೇರಳದ ಓಣಂ ಕೂಡ ಇದೇ ಬಲಿಯನ್ನು ಬರಮಾಡಿಕೊಳ್ಳುವ ಹಬ್ಬ.

ಬಾದಾಮಿಗೆ ಹೋದವರು 2ನೇ ಗುಹೆ, 3ನೇ ಗುಹೆ ಎರಡರಲ್ಲೂ ಕಾಲೆತ್ತಿ ನಿಂತ ತ್ರಿವಿಕ್ರಮನನ್ನು, ಅಂದರೆ ಬೆಳೆದು ನಿಂತ ವಾಮನನ ಶಿಲ್ಪವನ್ನು ನೋಡಿ. 3ನೆಯದರಲ್ಲಿ ಚಾಲುಕ್ಯ ಅರಸುಮನೆತನದ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಎಲ್ಲರೂ ಮೇಲೆತ್ತಿದ ಕಾಲಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಹಾಗೆ ಹೋಗಬೇಡಿ. 2ನೇ ಗುಹೆಯಲ್ಲಿ ಸ್ವಲ್ಪ ಬಗ್ಗಿ, ಆ ಕಾಲಿನ ಕೆಳಗೆ ನೋಡಿ. ಕೊಡೆ ಹಿಡಿದ ಪುಟ್ಟ ವಾಮನ ಅಲ್ಲಿದ್ದಾನೆ. ಮಕ್ಕಳನ್ನು ಅಲ್ಲೇ ನಿಲ್ಲಿಸಿಕೊಂಡು ಶುಕ್ರಾಚಾರ್ಯರು ತಡೆದ ಕಥೆಯನ್ನು ಪೂರ್ತಿ ಹೇಳಿ. ನಮಸ್ಕಾರ.