ಹೆಸ್ಸೆಯ ಬಣ್ಣದ ಪೆಟ್ಟಿಗೆ

ಗೆಳೆಯರೇ, ಜರ್ಮನ್ ಲೇಖಕ ಹರ್ಮನ್ ಹೆಸ್ಸೆ ಅಂದ ಕೂಡಲೇ ನಮಗೆ ನೆನಪಾಗುವುದು ‘ಸಿದ್ಧಾರ್ಥ’ ಕಾದಂಬರಿ, ಅಲ್ವಾ? ನಮ್ಮ ಕರಾವಳಿಗೂ ಅವರಿಗೂ ಒಂದು ನಂಟಿದೆ. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ತಾತ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು, ತಂದೆ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಕೆಲಸಕ್ಕೆ ಮಂಗಳೂರಿಗೆ ಬಂದಿದ್ದವರು. ಆದರೆ ಇವತ್ತು ಮಾತಾಡಬೇಕಿರುವುದು ಅವರ ಜಲವರ್ಣ ಚಿತ್ರಗಳ ಬಗ್ಗೆ.

ಕುಂಚ ಹಿಡಿದಾಗ ಅವರಿಗೆ ನಲವತ್ತರ ಆಸುಪಾಸು. ಕಾದಂಬರಿಕಾರರಾಗಿ ಆಗಲೇ ಹೆಸರಾಗಿದ್ದರು. ಆದರೆ ಮೊದಲ ಮಹಾಯುದ್ಧ ನಡೆದಿತ್ತು, ಯುದ್ಧದ ಹುಚ್ಚಿನ ವಿರುದ್ಧ ಬರೆದದ್ದಕ್ಕೆ ಜರ್ಮನಿಯ ಪತ್ರಿಕೆಗಳು ಅವರನ್ನು ದ್ರೋಹಿ ಅಂದವು, 1916ರಲ್ಲಿ ತಂದೆ ತೀರಿಕೊಂಡರು, ಕಿರಿಯ ಮಗನಿಗೆ ಕಾಯಿಲೆ, ಹೆಂಡತಿಯ ಮನಸ್ಸಿನ ಸ್ವಾಸ್ಥ್ಯವೂ ಕೆಟ್ಟಿತು. ಹೆಸ್ಸೆ ಕುಸಿದುಹೋದರು. ಮನೋವಿಜ್ಞಾನಿ ಯೂಂಗ್ ಅವರ ಶಿಷ್ಯ ಡಾಕ್ಟರ್ ಲಾಂಗ್ ಬಳಿ ಚಿಕಿತ್ಸೆಗೆ ಹೋದರು. ಚಿತ್ರ ಬರೆಯುವುದು ಶುರುವಾದದ್ದು ಆ ದಿನಗಳಲ್ಲಿ.

1919ರಲ್ಲಿ ಸಂಸಾರದಿಂದ ದೂರವಾಗಿ ಒಬ್ಬರೇ ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕೆ, ಲುಗಾನೊ ಸರೋವರದ ಮೇಲಿನ ಮೊಂಟಾನ್ಯೋಲಾ ಎಂಬ ಹಳ್ಳಿಗೆ ಬಂದರು. ಕಾಸಾ ಕಮೂಜಿ ಅನ್ನುವ ಹಳೇ ಮನೆಯ ಕೆಲವು ಕೋಣೆಗಳಲ್ಲಿ ವಾಸ. ಹುಲ್ಲಿನ ಟೋಪಿ ಹಾಕಿಕೊಂಡು, ಮಡಚುವ ಪುಟ್ಟ ಸ್ಟೂಲು ಹಿಡಿದು ದ್ರಾಕ್ಷಿ ತೋಟಗಳ ನಡುವೆ ಹೋಗಿ ಕೂರುತ್ತಿದ್ದರು. ಮೊದಲ ಬೇಸಿಗೆಯಲ್ಲೇ ಕ್ಲಿಂಗ್ಸರ್ ಎಂಬ ಚಿತ್ರಕಾರನನ್ನು ನಾಯಕನನ್ನಾಗಿಸಿ ಒಂದು ಕಥೆ ಬರೆದರು. ‘ಸಿದ್ಧಾರ್ಥ’ ನಡುವೆ ನಿಂತುಹೋಗಿ, ಕೊನೆಗೆ 1922ರಲ್ಲಿ ಹೊರಬಂತು.

ಅವರ ಒಂದು ಚಿತ್ರವನ್ನು ಹತ್ತಿರದಿಂದ ನೋಡಿ. ಚಿಕ್ಕ ಹಾಳೆ. ಮೊದಲು ಪೆನ್ಸಿಲ್ ಗೆರೆ, ಮೇಲೆ ತೆಳು ಬಣ್ಣ. ಕೆಂಪು ಸೂರು, ಹಳದಿ ಗೋಡೆ, ಹಿಂದೆ ನೀಲಿ ಬೆಟ್ಟ. ಜಲವರ್ಣದಲ್ಲಿ ಬಿಳಿ ಬೇಕಿದ್ದರೆ ಆ ಜಾಗದ ಕಾಗದವನ್ನು ಮುಟ್ಟದೆ ಹಾಗೇ ಬಿಡಬೇಕು. ಬಣ್ಣ ಒಮ್ಮೆ ಹರಿದರೆ ಹರಿಯಿತು, ಕಾದಂಬರಿಯ ವಾಕ್ಯದಂತೆ ಹತ್ತು ಸಲ ತಿದ್ದಲಾಗುವುದಿಲ್ಲ.

ಇನ್ನೊಂದು ವಿಷಯ. ಈ ಚಿತ್ರಗಳಲ್ಲಿ ಮನುಷ್ಯರು ಕಾಣುವುದೇ ಅಪರೂಪ. ಅವರ ಕಾದಂಬರಿಗಳಲ್ಲೋ, ಒಬ್ಬ ಮನುಷ್ಯನ ಒಳಗಿನ ಜಗಳ ಬಿಟ್ಟು ಬೇರೆ ವಿಷಯ ಕಡಿಮೆ. ದಿನವೆಲ್ಲ ತನ್ನನ್ನೇ ಅಗೆಯುತ್ತಿದ್ದ ಮನುಷ್ಯನಿಗೆ ಈ ಮನೆ, ಮರ, ಬೆಟ್ಟಗಳು ಬಿಡುವು ಕೊಟ್ಟವು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದನ್ನು ಸುಮ್ನೆ ಹವ್ಯಾಸ ಅಂದರೆ ಕಡಿಮೆಯಾಯಿತು. ಬದುಕಿ ಉಳಿಯಲು ಅದು ಅವರಿಗೆ ಬೇಕಿತ್ತು.

ಆ ಬಣ್ಣದಿಂದ ಬೇರೆಯವರಿಗೂ ಉಪಕಾರವಾಯಿತು. ಕವಿತೆಗಳನ್ನು ಕೈಯಲ್ಲೇ ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಿ ಮಾರುತ್ತಿದ್ದರು. ಯುದ್ಧಕೈದಿಗಳಿಗೆ ಪುಸ್ತಕ ಕಳಿಸುವ ಕೆಲಸಕ್ಕೆ ಹೀಗೆ ಹಣ ಕೂಡಿತು. ಮುಂದೆ ಕಷ್ಟದಲ್ಲಿದ್ದ ಎಷ್ಟೋ ಜನರಿಗೆ ನೆರವು ಹೋದದ್ದೂ ಇದೇ ದಾರಿಯಲ್ಲಿ.

1946ರಲ್ಲಿ ನೊಬೆಲ್ ಬಂತು, 1962ರಲ್ಲಿ ಮೊಂಟಾನ್ಯೋಲಾದಲ್ಲೇ ತೀರಿಕೊಂಡರು. ಬಿಟ್ಟುಹೋದ ಜಲವರ್ಣಗಳು ಸಾವಿರಗಟ್ಟಲೆ. ಹಳೇ ಮನೆಯ ಗೋಪುರದಲ್ಲಿ ಈಗ ಅವರ ಮ್ಯೂಸಿಯಂ ಇದೆ. ಯಾರಾದರೂ ಆ ಕಡೆ ಹೋದರೆ, ಬಣ್ಣದ ಕೆಳಗಿನ ಪೆನ್ಸಿಲ್ ಗೆರೆಗಳನ್ನು ಹುಡುಕಿ ನೋಡಿ.