ಸೋತ ಮಾರನೇ ದಿನ

ಎಲ್ಲ ಕೇಳುಗರಿಗೂ ನಮಸ್ಕಾರ.

ಊರಿಂದ ಮಕ್ಕಳ ಮನೆಗೆ ಬಂದು, ಕಿಟಕಿ ಪಕ್ಕ ಕಾಫಿ ಲೋಟ ಹಿಡಿದು ಕೂತಿರುವ ಅಪ್ಪ ಅಮ್ಮಂದಿರು ಈ ಕಾರ್ಯಕ್ರಮ ಜಾಸ್ತಿ ಕೇಳುತ್ತಾರಂತೆ. ಇವತ್ತು ನಿಮ್ಮ ಜೊತೆಗೇ ಮಾತಾಡಬೇಕು ಅಂತ ಬಂದಿದ್ದೇನೆ. ಬೆಳಗಿನ ಆರು ಗಂಟೆಗೆ ನಿಮ್ಮ ಮೊಮ್ಮಗ ತನಗಿಂತ ದೊಡ್ಡ ಚೀಲ ಎಳೆದುಕೊಂಡು ಐಸ್ ಹಾಕಿಗೆ ಹೊರಡುತ್ತಾನೆ. ನೀವು ಶಾಲು ಹೊದ್ದು ಬಾಗಿಲಲ್ಲಿ ನಿಂತು, "ಈ ಚಳಿಯಲ್ಲಿ ಇದೇನಪ್ಪಾ ಆಟ" ಅನ್ನುತ್ತೀರಿ. ನಮ್ಮ ಅಮ್ಮನೂ ಹಾಗೇ ಅಂದಿದ್ದರು. ನಾನು ಕೆನಡಾದ ಒಂಟಾರಿಯೋ ಪ್ರಾಂತ್ಯದ ವಿಂಡ್ಸರ್‌ನಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಈ ಆಟ ಕಲಿಸುತ್ತೇನೆ. ಇದೇನು ಆಟ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರ ಇದೆ. ಒಂದು ತಂಡ ಸೋತ ಮಾರನೇ ದಿನ ಏನು ಮಾಡುತ್ತದೆ ಅಂತ ಹೋಗಿ ನೋಡಿ. ಅಷ್ಟೇ. ಇವತ್ತು ನಾನು ಹೇಳುವುದೆಲ್ಲ ಇದೊಂದೇ ಮಾತು.

ಅದಕ್ಕೆ ಸರಿಯಾದ ಕಾಲ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ. ಆಗ ಕೆನಡಾದ ಜೂನಿಯರ್ ಹಾಕಿ ಪ್ಲೇಆಫ್ ನಡೆಯುತ್ತದೆ. ಜೂನಿಯರ್ ಅಂದರೆ 16ರಿಂದ 20 ವರ್ಷದ ಹುಡುಗರು. ಟೀವಿಯಲ್ಲಿ ಕಾಣುವ ಕೋಟಿಗಟ್ಟಲೆ ಸಂಬಳದ ಆಟಗಾರರಲ್ಲ. ಕೆಲವರು ಇನ್ನೂ ಹೈಸ್ಕೂಲಿಗೆ ಹೋಗುತ್ತಿರುತ್ತಾರೆ. ಪಂದ್ಯದ ಮಾರನೇ ಬೆಳಗ್ಗೆ ಗಣಿತದ ಪರೀಕ್ಷೆ ಬರೆಯುವವರೂ ಇರುತ್ತಾರೆ.

ದೇಶದಲ್ಲಿ ಇಂಥ ದೊಡ್ಡ ಲೀಗ್‌ಗಳು ಮೂರಿವೆ. ಒಂಟಾರಿಯೋ ಕಡೆ ಒಂದು, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರದ ಕಡೆ ಒಂದು, ಪಶ್ಚಿಮದಲ್ಲಿ ಒಂದು. ಎಲ್ಲ ಸೇರಿ ಸುಮಾರು 60 ತಂಡ. ಅದರಲ್ಲಿ ಗಡಿಯಾಚೆ ಅಮೆರಿಕದ ಊರುಗಳ ತಂಡಗಳೂ ಕೆಲವು ಇವೆ. ಪ್ರತಿ ಲೀಗ್‌ನಿಂದ 16 ತಂಡ ಪ್ಲೇಆಫ್‌ಗೆ ಬರುತ್ತವೆ.

ಪ್ಲೇಆಫ್ ಅಂದರೆ ಏನು ಅಂತ ನಿಮಗೆ ಐಪಿಎಲ್‌ನಿಂದ ಗೊತ್ತು ಅಲ್ವಾ? ಎಲಿಮಿನೇಟರ್‌ನಲ್ಲಿ ಒಂದು ರಾತ್ರಿ ಸೋತರೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಇಲ್ಲಿ ಹಾಗಲ್ಲ. ಇಲ್ಲಿ ಒಂದೇ ಎದುರಾಳಿಯ ಜೊತೆ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ. ಇವತ್ತು ನಿನ್ನನ್ನು ಗೋಡೆಗೆ ಒತ್ತಿ ಪಕ್, ಅಂದರೆ ಚೆಂಡಿನ ಬದಲು ಆಡುವ ಚಪ್ಪಟೆ ರಬ್ಬರ್ ಬಿಲ್ಲೆ, ಕಿತ್ತುಕೊಂಡ ಹುಡುಗನೇ ನಾಳಿದ್ದೂ ಎದುರಿಗೆ ಬರುತ್ತಾನೆ. ಅದರ ಮುಂದಿನ ಪಂದ್ಯಕ್ಕೂ ಅವನೇ. ಸ್ಕೋರ್ ಸಮವಾದರೆ ಓವರ್‌ಟೈಮ್. ಯಾರಾದರೂ ಒಂದು ಗೋಲು ಹೊಡೆಯುವವರೆಗೆ, ಮಧ್ಯರಾತ್ರಿ ದಾಟಿದರೂ ಸರಿ, ಆಡುತ್ತಲೇ ಇರಬೇಕು. ಹೀಗೆ ನಾಲ್ಕು ಸುತ್ತು. ನಾಲ್ಕು ನಾಲ್ಕಲಿ ಹದಿನಾರು ಗೆಲುವು ಸಿಕ್ಕರೆ ಲೀಗ್ ಚಾಂಪಿಯನ್.

ಒಂದು ರಾತ್ರಿಯ ಅದೃಷ್ಟದಲ್ಲಿ ಇದನ್ನು ಗೆಲ್ಲುವುದಕ್ಕೆ ಆಗುವುದಿಲ್ಲ. ಒಂದು ಸೋಲು ಬಂದೇ ಬರುತ್ತದೆ, ಹೆಚ್ಚಿನವರಿಗೆ ನಾಲ್ಕೈದು ಬರುತ್ತವೆ. ಸೋತ ಮಾರನೇ ದಿನ ಬಸ್ಸು ಹತ್ತಿ ಎದುರಾಳಿಯ ಊರಿಗೆ ಹೋಗಬೇಕು. ಅದಕ್ಕೇ ನಾನು ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿರುವುದು.

ಮೂರು ಲೀಗ್‌ಗಳ ಮೂವರು ಚಾಂಪಿಯನ್ನರು ಕೊನೆಗೆ ಒಂದು ಊರಿನಲ್ಲಿ ಸೇರುತ್ತಾರೆ. ಆ ಊರಿನ ಆತಿಥೇಯ ತಂಡ ನಾಲ್ಕನೆಯದು. ಹತ್ತು ದಿನದ ಪಂದ್ಯಾವಳಿ. ಅಲ್ಲಿ ಸಿಗುವುದು ಮೆಮೋರಿಯಲ್ ಕಪ್. 1919ರಲ್ಲಿ ಶುರುವಾಯಿತು. ಮೊದಲನೇ ಮಹಾಯುದ್ಧದಲ್ಲಿ ಸತ್ತ ಕೆನಡಾದ ಸೈನಿಕರ ನೆನಪಿಗೆ ಇಟ್ಟ ಕಪ್ ಅದು. ಯುದ್ಧಕ್ಕೆ ಹೋಗಿ ವಾಪಸ್ ಬಾರದವರಲ್ಲಿ ಹಾಕಿ ಆಡುತ್ತಿದ್ದ ಹುಡುಗರು ಎಷ್ಟೋ ಮಂದಿ. ಮೊದಲ ವರ್ಷ ಗೆದ್ದದ್ದು ಟೊರಾಂಟೋದ ಒಂದು ಶಾಲೆಯ ತಂಡ. ಆಗ ಆತಿಥೇಯರಿಗೆ ಅಂತ ಜಾಗ ಇರಲಿಲ್ಲ. ಅದು ಬಂದದ್ದು 1983ರಲ್ಲಿ. ಈ ಆತಿಥೇಯ ತಂಡದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಹೇಳುವ ಕಥೆ ನಿಂತಿರುವುದೇ ಅದರ ಮೇಲೆ.

2017. ಆ ವರ್ಷ ಆತಿಥೇಯರು ನಮ್ಮ ವಿಂಡ್ಸರ್ ಸ್ಪಿಟ್‌ಫೈರ್ಸ್. ಊರೆಲ್ಲ ಹಬ್ಬ. ಮೇ ತಿಂಗಳಲ್ಲಿ ಮೆಮೋರಿಯಲ್ ಕಪ್ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಆದರೆ ಅದಕ್ಕೆ ಮೊದಲು ಲೀಗ್‌ನ ಪ್ಲೇಆಫ್ ಆಡಬೇಕಲ್ಲ. ಮೊದಲ ಸುತ್ತಿನಲ್ಲೇ ಲಂಡನ್ ನೈಟ್ಸ್ ಎದುರಾಯಿತು. ಇದು ಇಂಗ್ಲೆಂಡಿನ ಲಂಡನ್ ಅಲ್ಲ, ನಮ್ಮ ಒಂಟಾರಿಯೋದ ಲಂಡನ್. ವಿಂಡ್ಸರ್‌ನಿಂದ ಎರಡು ಗಂಟೆ ದಾರಿ. ನಾಲ್ಕು ಪಂದ್ಯ ಮುಗಿದಾಗ ನಾವು 3-1 ಮುಂದಿದ್ದೆವು. ಇನ್ನು ಒಂದು ಗೆದ್ದರೆ ಸಾಕಿತ್ತು. ಐದನೆಯದು ಸೋತೆವು. ಆರನೆಯದೂ ಸೋತೆವು.

ಏಳನೇ ಪಂದ್ಯ ಏಪ್ರಿಲ್ 4, ಮಂಗಳವಾರ, ಲಂಡನ್‌ನಲ್ಲಿ. ಮಗನಿಗೆ ಆಗ ಒಂಬತ್ತು ವರ್ಷ. ಮಾರನೇ ದಿನ ಸ್ಕೂಲು. ಮನೆಯಲ್ಲಿ ಬೇಡ ಅಂದರೂ ಕರೆದುಕೊಂಡು ಹೋದೆ. ಸೋತೆವು.

ಸರಣಿ ಮುಗಿದ ಮೇಲೆ ಈ ಆಟದಲ್ಲಿ ಒಂದು ಪದ್ಧತಿ ಇದೆ. ಎರಡೂ ತಂಡದವರು ಐಸ್ ಮೇಲೆ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಎದುರಾಳಿಯ ಕೈ ಕುಲುಕಬೇಕು. ಏಳು ಪಂದ್ಯ ಒಬ್ಬರನ್ನೊಬ್ಬರು ಗುದ್ದಿ, ತಳ್ಳಿ, ಬೈದವರು ಗ್ಲೌಸ್ ತೆಗೆದು ಬರಿಗೈ ಕೊಡುತ್ತಾರೆ. ನಾವು ಗಾಜಿನ ಹತ್ತಿರ ಇಳಿದು ನಿಂತಿದ್ದೆವು. ನಮ್ಮ ಹುಡುಗನೊಬ್ಬ ಸಾಲಿನ ಕೊನೆಯಲ್ಲಿದ್ದ. ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡಿದ್ದ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ತುಟಿ ಕಚ್ಚಿಕೊಂಡು, ಪ್ರತಿಯೊಬ್ಬನ ಮುಖವನ್ನೂ ನೋಡಿ ಕೈ ಕುಲುಕಿದ. ಒಬ್ಬರನ್ನೂ ಬಿಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಾತಿಲ್ಲ. 401 ಹೆದ್ದಾರಿಯಲ್ಲಿ ಚಾಥಮ್ ಹತ್ತಿರ ಎರಡೂ ಕಡೆ ಗಾಳಿಯಂತ್ರಗಳು ಇವೆ. ರಾತ್ರಿ ಹೊತ್ತು ಅವುಗಳ ಕೆಂಪು ದೀಪಗಳೆಲ್ಲ ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ. ಮಗ ಅದನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಕೇಳಿದ, "ಅಪ್ಪಾ, ಈಗ ಇವರು ಏನು ಮಾಡ್ತಾರೆ?"

ನೋಡಿ, ಮಗು ಕೇಳಿದ ಪ್ರಶ್ನೆ. ಮೆಮೋರಿಯಲ್ ಕಪ್‌ನಲ್ಲಿ ಆತಿಥೇಯರ ಜಾಗ ಹೇಗೂ ಇದೆ, ಆದರೆ ಅದಕ್ಕೆ ಇನ್ನೂ ಆರು ವಾರ ಬಾಕಿ. ಬೇರೆ ತಂಡಗಳು ಅಷ್ಟೂ ದಿನ ಪಂದ್ಯದ ಮೇಲೆ ಪಂದ್ಯ ಆಡಿ ಹದವಾಗಿರುತ್ತವೆ. ಇವರಿಗೆ 44 ದಿನ ಒಂದೂ ಪಂದ್ಯ ಇಲ್ಲ. ಊರಿನ ಜನ ಆಗಲೇ, "ಮೊದಲ ಸುತ್ತಿನಲ್ಲೇ ಸೋತವರು ಚಾಂಪಿಯನ್ನರ ಜೊತೆ ಏನು ಆಡುತ್ತಾರೆ, ಸುಮ್ನೆ ಮರ್ಯಾದೆ ಹೋಗುತ್ತದೆ" ಅಂತ ಮಾತಾಡುತ್ತಿದ್ದರು.

ಅವರು ಏನು ಮಾಡಿದರು ಅಂತ ನಾನೇ ನೋಡಿದೆ. ಡಬ್ಲ್ಯೂಎಫ್‌ಸಿಯು ಸೆಂಟರ್ ಅಂತ ನಮ್ಮ ಅರೀನಾ. ಒಳಗೆ ದೊಡ್ಡ ರಿಂಕ್, ಅಂದರೆ ಐಸ್ ಅಂಗಳ, ಒಂದು, ಊರಿನ ಮಕ್ಕಳಿಗೆ ಅಂತ ಚಿಕ್ಕ ರಿಂಕ್‌ಗಳು ಮೂರು. ಏಪ್ರಿಲ್‌ನಲ್ಲಿ ನಮ್ಮ ಮಕ್ಕಳಿಗೆ ವಸಂತದ ಶಿಬಿರ ಇತ್ತು. ಒಂದು ದಿನ ಹೊರಡುವಾಗ ದೊಡ್ಡ ರಿಂಕ್‌ನ ಬಾಗಿಲು ತೆರೆದಿತ್ತು. ಇಣುಕಿದೆವು. ಆರು ಸಾವಿರಕ್ಕೂ ಜಾಸ್ತಿ ಸೀಟು, ಎಲ್ಲ ಖಾಲಿ. ಅರ್ಧ ದೀಪ ಮಾತ್ರ ಹತ್ತಿತ್ತು. ಐಸ್ ಮೇಲೆ ಹುಡುಗರು ಗೆರೆಯಿಂದ ಗೆರೆಗೆ ಓಡುತ್ತಿದ್ದರು. ಗೋಲಿನ ಗೆರೆಯಿಂದ ಮೊದಲ ನೀಲಿ ಗೆರೆಗೆ, ವಾಪಸ್. ನಡುವಿನ ಕೆಂಪು ಗೆರೆಗೆ, ವಾಪಸ್. ಆಚೆ ನೀಲಿ ಗೆರೆಗೆ, ವಾಪಸ್. ಆ ತುದಿಗೆ, ವಾಪಸ್. ತಿರುಗುವಾಗಲೆಲ್ಲ ಸ್ಕೇಟಿನ ಅಲಗು ಕರ್ರ್ ಅಂತ ಐಸ್ ಕೆರೆಯುತ್ತಿತ್ತು. ಪಕ್ ಇಲ್ಲ, ಚಪ್ಪಾಳೆ ಇಲ್ಲ. ಬರೀ ಆ ಕರ್ರ್ ಸದ್ದು, ಸೀಟಿ, ಏದುಸಿರು. ಒಬ್ಬ ಸ್ಟಿಕ್ಕನ್ನು ಮೊಣಕಾಲಿಗೆ ಅಡ್ಡ ಇಟ್ಟು ಬಗ್ಗಿ ನಿಂತಿದ್ದ. ಮೂಗಿನ ತುದಿಯಿಂದ ಬೆವರು ಐಸ್ ಮೇಲೆ ತೊಟ್ಟಿಕ್ಕುತ್ತಿತ್ತು. ಮತ್ತೆ ಸೀಟಿ ಊದಿತು. ಅವನು ಮತ್ತೆ ಓಡಿದ.

ಆಗಿನ ಕೋಚ್ ರಾಕಿ ಥಾಂಪ್ಸನ್ ಆ 44 ದಿನಗಳನ್ನು ರಜೆ ಅಂತ ಬಿಡಲಿಲ್ಲ. ಹೊಸ ಋತುವಿಗೆ ತಯಾರು ಮಾಡುವ ಹಾಗೆ ತಂಡವನ್ನು ಬುಡದಿಂದ ತಯಾರು ಮಾಡಿದರು.

ನನ್ನ ಪಕ್ಕ ಆರು ಮಕ್ಕಳು ಕತ್ತು ಚಾಚಿ ನಿಂತಿದ್ದರು. ಮಾತಿಲ್ಲ. ಮಾರನೇ ದಿನ ನಮ್ಮ ಶಿಬಿರದಲ್ಲಿ ಅದೇ ಗೆರೆ ಓಟ ಮಾಡಿಸಿದೆ. ಯಾವಾಗಲೂ "ಕೋಚ್, ಸಾಕು" ಅನ್ನುವ ಮಕ್ಕಳು ಅವತ್ತು ಒಂದು ಮಾತೂ ಆಡಲಿಲ್ಲ. ಕೋಚ್ ಆಗಿ ಇಷ್ಟು ವರ್ಷದಲ್ಲಿ ನಾನು ಹೇಳಿ ಕಲಿಸಲಾಗದ್ದನ್ನು ಆ ತೆರೆದ ಬಾಗಿಲು ಎರಡು ನಿಮಿಷದಲ್ಲಿ ಕಲಿಸಿತು.

ಮೇ 19ರಂದು ಪಂದ್ಯಾವಳಿ ಶುರುವಾಯಿತು. ಪೂರ್ವದಿಂದ ಸೇಂಟ್ ಜಾನ್ ತಂಡ, ಪಶ್ಚಿಮದಿಂದ ಸಿಯಾಟಲ್, ನಮ್ಮ ಲೀಗ್‌ನಿಂದ ಪೆನ್ಸಿಲ್ವೇನಿಯಾದ ಈರಿ ಆಟರ್ಸ್. ಮೂವರೂ ಚಾಂಪಿಯನ್ನರು. ವಿಂಡ್ಸರ್ ಮೂವರನ್ನೂ ಸೋಲಿಸಿತು. ನೇರ ಫೈನಲ್. ಮೇ 28, ಭಾನುವಾರ, ಮತ್ತೆ ಈರಿ ಎದುರು. ನಮ್ಮನ್ನು ಮನೆಗೆ ಕಳಿಸಿದ್ದ ಲಂಡನ್ ತಂಡವನ್ನು ಮುಂದಿನ ಸುತ್ತಿನಲ್ಲಿ ಇದೇ ಈರಿ ಮನೆಗೆ ಕಳಿಸಿತ್ತು. ಅಂಥ ತಂಡ. ನಮ್ಮ ಗೋಲಿನಲ್ಲಿ ನಿಂತಿದ್ದವನು ಮೈಕಲ್ ಡಿಪಿಯೆಟ್ರೋ. ಪಕ್ಕದ ಆಮ್ಹರ್ಸ್ಟ್‌ಬರ್ಗ್ ಹುಡುಗ, ಇನ್ನೂ 18 ತುಂಬಿರಲಿಲ್ಲ. 4-3ರಿಂದ ಗೆದ್ದೆವು. ಒಂದೇ ಗೋಲಿನ ಅಂತರ.

ಗೆದ್ದ ರಾತ್ರಿಯ ಫೋಟೋ ನಮ್ಮ ಮನೆ ಗೋಡೆ ಮೇಲಿದೆ. ಆದರೆ ಮಗನಿಗೆ ಈಗಲೂ ಕೇಳಿ ನೋಡಿ, ಅವನು ಹೇಳುವುದು ಖಾಲಿ ಸೀಟುಗಳ ನಡುವೆ ಓಡುತ್ತಿದ್ದ ಹುಡುಗರ ವಿಷಯ.

ಕೆಲವರು ಇದನ್ನು ಹಿಂಬಾಗಿಲ ಗೆಲುವು ಅನ್ನುತ್ತಾರೆ. ನನಗೆ ಆ ಮಾತು ಕೇಳಿದರೆ ತಾಳ್ಮೆ ತಪ್ಪುತ್ತದೆ. ಜಾಗ ಸುಮ್ನೆ ಸಿಕ್ಕಿರಬಹುದು. ಒಂದೂ ಪಂದ್ಯ ಸೋಲದೆ ಮೂವರು ಚಾಂಪಿಯನ್ನರನ್ನು ಸೋಲಿಸುವುದು ಸುಮ್ನೆ ಸಿಗುತ್ತದಾ? 2022ರಲ್ಲಿ ಸೇಂಟ್ ಜಾನ್ ತಂಡವೂ ಹೀಗೇ ಮಾಡಿತು. ತಮ್ಮ ಲೀಗ್‌ನ ಮೊದಲ ಸುತ್ತಿನಲ್ಲೇ ಸೋತು, ತಮ್ಮ ಊರಿನಲ್ಲೇ ಕಪ್ ಎತ್ತಿದರು. ಇನ್ನು ಲಂಡನ್ ನೈಟ್ಸ್ ನೋಡಿ. 2024ರ ಫೈನಲ್‌ನಲ್ಲಿ ಆತಿಥೇಯ ಸ್ಯಾಗಿನಾ ತಂಡದ ಎದುರು 4-3ರಿಂದ ಸೋತರು. ಮತ್ತೆ ಮೊದಲಿನಿಂದ ಶುರು ಮಾಡಿ, ಇಡೀ ಋತು ಆಡಿ, ಮತ್ತೆ ಹದಿನಾರು ಗೆಲುವು ಕೂಡಿಸಿ, 2025ರಲ್ಲಿ ಕ್ವಿಬೆಕ್‌ನ ರಿಮೂಸ್ಕಿಯಲ್ಲಿ ಕಪ್ ಗೆದ್ದರು. ಸೋತ ಮಾರನೇ ದಿನ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಸಮಯ ಮುಗಿಯುತ್ತಾ ಬಂತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಹೇಳಬೇಕಾದ್ದು ಇನ್ನೂ ಎರಡು ಇವೆ, ಬೇಗ ಹೇಳಿಬಿಡುತ್ತೇನೆ.

ನಮ್ಮವರು ಎಲ್ಲರೂ ಕೇಳುವ ಪ್ರಶ್ನೆ, ಓದು ಏನಾಗುತ್ತದೆ? ಈ ಲೀಗ್‌ಗಳಲ್ಲಿ ಆಡಿದ ಹುಡುಗನಿಗೆ ಕಾಲೇಜು ಓದಲು ವಿದ್ಯಾರ್ಥಿವೇತನ ಸಿಗುತ್ತದೆ. ಪಶ್ಚಿಮದ ಲೀಗ್‌ನಲ್ಲಂತೂ ಒಂದು ಋತು ಆಡಿದರೆ ಒಂದು ವರ್ಷದ ಓದಿನ ಖರ್ಚು. ಮೊದಲು ಇಲ್ಲಿ ಆಡಿದವರು ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುವ ಹಾಗಿರಲಿಲ್ಲ. 2025ರ ಆಗಸ್ಟ್‌ನಿಂದ ಆ ಬಾಗಿಲೂ ತೆರೆದಿದೆ.

ಎರಡನೆಯದು, ಹುಡುಗ ಬೇರೆ ಊರಿನ ತಂಡಕ್ಕೆ ಹೋದರೆ ಎಲ್ಲಿರುತ್ತಾನೆ, ಏನು ತಿನ್ನುತ್ತಾನೆ? ಬಿಲೆಟ್ ಮನೆ ಅಂತ ಇರುತ್ತದೆ. ಆ ಊರಿನ ಒಂದು ಕುಟುಂಬ ಅವನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಊಟ ಹಾಕಿ, ಸ್ಕೂಲಿಗೆ ಕಳಿಸಿ, ಸೋತು ಬಂದ ರಾತ್ರಿ ಬಾಗಿಲು ತೆರೆದು ಬಿಸಿ ಅಡುಗೆ ಬಡಿಸುತ್ತದೆ. ಇದರ ಬಗ್ಗೆಯೇ ಒಂದು ಪೂರ್ತಿ ದಿನ ಮಾತಾಡಬಹುದು.

ಹಿರಿಯರೇ, ನಿಮ್ಮ ಮಗ ಸೊಸೆ, ಮಗಳು ಅಳಿಯ ಯಾರಾದರೂ ಸರಿ, ಇವತ್ತೇ ಕೇಳಿ. ಬ್ರಾಂಪ್ಟನ್‌ನಲ್ಲಿ ಜೂನಿಯರ್ ತಂಡ ಇದೆ. ಕಿಚನರ್, ಗ್ವೆಲ್ಫ್, ಲಂಡನ್, ವಿಂಡ್ಸರ್, ಆಟವಾ, ಎಲ್ಲ ಕಡೆ ಇವೆ. ಟೀವಿಯಲ್ಲಿ ಕಾಣುವ ದೊಡ್ಡ ಆಟಗಾರರ ಪಂದ್ಯದ ಟಿಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಇಡೀ ಮನೆಯವರು ಹೋಗಿ ಬರಬಹುದು. ಸ್ವೆಟರ್ ಹಾಕಿಕೊಳ್ಳಿ, ಮಂಕಿ ಕ್ಯಾಪ್ ಇಟ್ಟುಕೊಳ್ಳಿ, ಒಳಗೂ ಚಳಿ ಇರುತ್ತದೆ. ಸೋತ ತಂಡದ ಮುಂದಿನ ಪಂದ್ಯಕ್ಕೇ ಟಿಕೆಟ್ ತೆಗೆಸಿ. ಪಕ್ ಎಲ್ಲಿ ಹೋಯಿತು ಅಂತ ಮೊದಲ ಹದಿನೈದು ನಿಮಿಷ ಕಣ್ಣಿಗೆ ಸಿಗುವುದಿಲ್ಲ. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನು ತೋರಿಸುತ್ತಾನೆ.

ಅದು ಸರಣಿಯ ಕೊನೆಯ ಪಂದ್ಯ ಆಗಿದ್ದರೆ, ಆಟ ಮುಗಿದ ತಕ್ಷಣ ಕಾರ್ ಪಾರ್ಕಿಂಗ್‌ಗೆ ಓಡಬೇಡಿ. ದಟ್ಟಣೆ ಇದ್ದರೆ ಇರಲಿ. ಗಾಜಿನ ಹತ್ತಿರ ಇಳಿದು ನಿಲ್ಲಿ. ಅವರು ಗ್ಲೌಸ್ ತೆಗೆದು ಸಾಲಾಗಿ ಬರುತ್ತಾರೆ. ಸಾಲಿನ ಕೊನೆಯ ಹುಡುಗ ಎಲ್ಲರ ಕೈ ಕುಲುಕಿ ಮುಗಿಸುವವರೆಗೆ ಅಲ್ಲೇ ಇರಿ.

ನಮಸ್ಕಾರ.